ಸೊಂಟಕ್ಕೆ ಕಟ್ಟುವ ಸೀಸ: ಕೊಳದ ಲೆಕ್ಕ ಕಡಲಿಗೆ ಹೊಂದದು

ನೀರಿಗೆ ಬಿದ್ದವನನ್ನು ಉಳಿಸಲು ಜನ ಹಗ್ಗ ಎಸೆಯುತ್ತಾರೆ, ಟ್ಯೂಬು ಎಸೆಯುತ್ತಾರೆ. ಸ್ಕೂಬಾ ಡೈವಿಂಗ್ ಕಲಿಸುವವರು ಮಾತ್ರ ನೀರಿಗೆ ಇಳಿಸುವ ಮೊದಲು ಸೊಂಟಕ್ಕೆ ಸೀಸ ಕಟ್ಟುತ್ತಾರೆ. ಇದನ್ನು ಕೇಳಿದ ತಂದೆತಾಯಿಗಳಿಗೆ ಗಾಬರಿಯಾಗುವುದು ಸಹಜ. ಡೈವಿಂಗ್‌ಗೆ ಹೋಗಲು ವೈದ್ಯರ ಸಹಿ ಬೇಕೆಂದು ಫಾರ್ಮ್ ಹಿಡಿದುಕೊಂಡು ಕ್ಲಿನಿಕ್ಕಿಗೆ ಬರುವ ಯುವಕ ಯುವತಿಯರು ಈಗ ಅಪರೂಪವಲ್ಲ. ಅವರ ಜೊತೆಯಲ್ಲಿ ಬಂದ ಹಿರಿಯರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: 'ಡಾಕ್ಟ್ರೇ, ಬೆಂಗಳೂರಿನ ಈಜುಕೊಳದಲ್ಲಿ ಇವನಿಗೆ ಎರಡು ಕಿಲೋ ಸೀಸ ಕಟ್ಟಿದ್ದರಂತೆ. ಮುರುಡೇಶ್ವರಕ್ಕೆ ಹೋದರೆ ಇನ್ನೂ ಎರಡು ಕಿಲೋ ಜಾಸ್ತಿ ಕಟ್ಟುತ್ತಾರಂತೆ. ಆಳ ಹೆಚ್ಚಿರುವ ಕಡೆ ತೂಕ ಕಡಿಮೆ ಮಾಡಬೇಕಲ್ಲವೇ?'

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಆಳದಲ್ಲಿಲ್ಲ, ಉಪ್ಪಿನಲ್ಲಿದೆ. ಈ ಎರಡು ಕಿಲೋ ಸರಿಯಾಗಿದ್ದರೆ ಡೈವಿಂಗ್ ಒಂದು ಹಿತವಾದ ಅನುಭವ. ತಪ್ಪಿದರೆ ಕಿವಿ, ಶ್ವಾಸಕೋಶ ಮತ್ತು ಮಿದುಳಿಗೆ ಅಪಾಯ ತಟ್ಟಬಹುದು. ಆದ್ದರಿಂದಲೇ ಆರೋಗ್ಯದ ಅಂಕಣದಲ್ಲಿ ಈ ವಿಷಯಕ್ಕೆ ಜಾಗ.

ಉಪ್ಪು ಹೇಗೆ ತೇಲಿಸುತ್ತದೆ?

ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗುರ. ನೀರಿನಿಂದ ಮೇಲೆ ಬಂದ ಕ್ಷಣ ರಟ್ಟೆ ಸೋಲುತ್ತದೆ. ಕೊಡದ ತೂಕ ಬದಲಾಗಲಿಲ್ಲ, ನೀರು ಅದನ್ನು ಮೇಲಕ್ಕೆ ನೂಕುತ್ತಿತ್ತು ಅಷ್ಟೆ. ಎಷ್ಟು ಬಲದಿಂದ ನೂಕುತ್ತದೆ? ಮುಳುಗಿದ ವಸ್ತು ಎಷ್ಟು ನೀರಿನ ಜಾಗವನ್ನು ಆಕ್ರಮಿಸುತ್ತದೆಯೋ, ಅಷ್ಟು ನೀರಿನ ತೂಕದಷ್ಟು. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕರ ಆರ್ಕಿಮಿಡೀಸ್ ಹೇಳಿದ ಈ ಮಾತನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ.

ಈಗ ನೀರಿನ ತೂಕ ನೋಡೋಣ. ಒಂದು ಲೀಟರ್ ಸಿಹಿನೀರು ಹೆಚ್ಚೂಕಡಿಮೆ 1 ಕಿಲೋ ತೂಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ, ಹಾಗಾಗಿ ಅದು ಸುಮಾರು 1 ಕಿಲೋ 25 ಗ್ರಾಂ ತೂಗುತ್ತದೆ. ವ್ಯತ್ಯಾಸ ಶೇ 2.5, ಅಂದರೆ ನಲವತ್ತರಲ್ಲಿ ಒಂದು ಪಾಲು. ಅಷ್ಟು ಮಾತ್ರದಿಂದ ಸಮುದ್ರ ನಮ್ಮನ್ನು ಹೆಚ್ಚು ಬಲದಿಂದ ಮೇಲಕ್ಕೆ ನೂಕುತ್ತದೆ.

ಇದು ನಮ್ಮ ರೈತರಿಗೆ ಹೊಸದೇನಲ್ಲ. ಬಿತ್ತನೆ ಬತ್ತದಿಂದ ಜೊಳ್ಳು ಬೇರೆ ಮಾಡಲು ಬಕೆಟ್ಟಿನ ನೀರಿಗೆ ಉಪ್ಪು ಹಾಕುತ್ತಾ ಹೋಗುತ್ತಾರೆ. ತಳದಲ್ಲಿದ್ದ ಕೋಳಿಮೊಟ್ಟೆ ಮೇಲೆದ್ದು ತೇಲಿದಾಗ ಉಪ್ಪು ಸಾಕು ಎಂದು ಅರ್ಥ. ಆಮೇಲೆ ಬತ್ತ ಸುರಿದರೆ ಗಟ್ಟಿಕಾಳು ತಳಕ್ಕೆ, ಜೊಳ್ಳು ಮೇಲಕ್ಕೆ. ಮೊಟ್ಟೆ ಅದೇ, ಬದಲಾದದ್ದು ನೀರು. ಪಣಂಬೂರಿನ ಬಂದರಿನಲ್ಲಿ ನಿಂತ ದೊಡ್ಡ ಹಡಗಿನ ಪಕ್ಕೆಯನ್ನು ಗಮನಿಸಿದರೂ ಇದೇ ಲೆಕ್ಕ ಕಾಣುತ್ತದೆ. ಅಲ್ಲಿ ಒಂದು ವೃತ್ತ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಕೆಲವು ಗೆರೆಗಳಿರುತ್ತವೆ. ಹಡಗು ಎಷ್ಟು ಮುಳುಗುವವರೆಗೆ ಸರಕು ತುಂಬಬಹುದು ಎಂದು ತೋರಿಸುವ ಗೆರೆಗಳು ಅವು. ಬ್ರಿಟಿಷ್ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಕಾನೂನು ಮಾಡಿಸಿದ್ದರಿಂದ ಅವರ ಹೆಸರೇ ಆ ಗುರುತಿಗೆ ನಿಂತಿದೆ. ಸಿಹಿನೀರಿನ ಗೆರೆ ಸಮುದ್ರದ ಗೆರೆಗಿಂತ ಮೇಲಿರುತ್ತದೆ. ಅದೇ ಸರಕು ಹೊತ್ತ ಹಡಗು ಕಡಲಿನಿಂದ ನದಿಗೆ ಬಂದರೆ ಇನ್ನಷ್ಟು ಕೆಳಗೆ ಕೂರುತ್ತದೆ. ಮನುಷ್ಯನ ಸ್ಥಿತಿಯೂ ಹಾಗೆಯೇ.

ನಲವತ್ತರಿಂದ ಭಾಗಿಸಿ

ಡೈವಿಂಗ್ ಮಾಡುವವರ ಗುರಿ ತೇಲುವುದೂ ಅಲ್ಲ, ಮುಳುಗುವುದೂ ಅಲ್ಲ. ನೀರಿನ ನಡುವೆ, ಏರದೆ ಇಳಿಯದೆ, ಮೀನಿನಂತೆ ನಿಲ್ಲುವುದು. ಮನುಷ್ಯದೇಹ ಉಸಿರು ತುಂಬಿಕೊಂಡಾಗ ತೇಲುತ್ತದೆ. ಮೇಲೆ ಹಾಕಿಕೊಳ್ಳುವ ವೆಟ್‌ಸೂಟ್ ಎಂಬ ರಬ್ಬರಿನ ಉಡುಪಿನಲ್ಲಿ ಸಾವಿರಾರು ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಅದೂ ತೇಲುತ್ತದೆ. ಈ ಎರಡನ್ನೂ ಸರಿದೂಗಿಸಲು ಸೀಸ ಬೇಕು. ಸೀಸವೇ ಏಕೆ? ಅದೇ ಗಾತ್ರದ ನೀರಿಗಿಂತ ಅದು 11 ಪಟ್ಟು ಭಾರ. ಸಣ್ಣ ಬಿಲ್ಲೆಯಲ್ಲಿ ಕಿಲೋ ತೂಕ ಸಿಗುತ್ತದೆ.

ಈಗ 65 ಕಿಲೋ ತೂಕದ ಒಬ್ಬ ಯುವಕನನ್ನು ತೆಗೆದುಕೊಳ್ಳಿ. ಗಾಳಿ ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 16 ಕಿಲೋ. ಜಾಕೆಟ್, ಉಸಿರಾಟದ ರೆಗ್ಯುಲೇಟರ್, ವೆಟ್‌ಸೂಟ್, ಕಾಲಿನ ರೆಕ್ಕೆ ಎಲ್ಲ ಸೇರಿ ಇನ್ನು 9 ಕಿಲೋ. ಸೀಸ 2 ಕಿಲೋ. ಒಟ್ಟು 92 ಕಿಲೋ. ಇಷ್ಟರಲ್ಲಿ ಅವನು ಈಜುಕೊಳದಲ್ಲಿ ಸಮತೂಕದಿಂದ ನಿಲ್ಲುತ್ತಾನೆ ಎಂದರೆ, ಅವನೂ ಅವನ ಸಾಮಾನೂ ಸೇರಿ 92 ಲೀಟರ್ ನೀರಿನ ಜಾಗ ಹಿಡಿದಿವೆ ಎಂದಾಯಿತು. ಅದೇ 92 ಲೀಟರ್ ಸಮುದ್ರದ ನೀರು 94 ಕಿಲೋಗೂ ಸ್ವಲ್ಪ ಹೆಚ್ಚು ತೂಗುತ್ತದೆ. ಅಂದಮೇಲೆ ಕಡಲಿನಲ್ಲಿ ಅವನಿಗೆ ಇನ್ನೂ ಎರಡು, ಎರಡೂಕಾಲು ಕಿಲೋ ಸೀಸ ಬೇಕು.

ಸೂತ್ರ ಸುಲಭ. ಸಾಮಾನು ಸಮೇತ ನಿಮ್ಮ ಒಟ್ಟು ತೂಕವನ್ನು 40ರಿಂದ ಭಾಗಿಸಿ. ಬಂದ ಉತ್ತರದಷ್ಟು ಕಿಲೋ ಸೀಸವನ್ನು ಸಿಹಿನೀರಿನಿಂದ ಉಪ್ಪುನೀರಿಗೆ ಹೋಗುವಾಗ ಕೂಡಿಸಿ, ಉಪ್ಪುನೀರಿನಿಂದ ಸಿಹಿನೀರಿಗೆ ಬರುವಾಗ ಕಳೆಯಿರಿ. ಇಲ್ಲಿ ಕಾಲೇಜು ಓದಿದವರೂ ಎಡವುತ್ತಾರೆ. ಶೇ 2.5 ಎಂದ ಕೂಡಲೇ ಸೊಂಟದ ಸೀಸದ ಶೇ 2.5 ಎಂದುಕೊಂಡು, 4 ಕಿಲೋಗೆ 100 ಗ್ರಾಂ ತಾನೇ, ಇರಲಿ ಬಿಡಿ ಎನ್ನುತ್ತಾರೆ. ಹಾಗಲ್ಲ, ಲೆಕ್ಕ ಹಾಕಬೇಕಾದದ್ದು ಮೈ, ಸಿಲಿಂಡರ್, ಬಟ್ಟೆ ಎಲ್ಲ ಸೇರಿದ ತೂಕದ ಮೇಲೆ. 40 ಕಿಲೋ ತೂಕದ ಹುಡುಗಿಗೆ ಸಾಮಾನಿನೊಂದಿಗೆ ಅದು ಸುಮಾರು ಒಂದೂವರೆ ಕಿಲೋ ಆಗುತ್ತದೆ. 95 ಕಿಲೋ ತೂಗುವ ಅವಳ ಚಿಕ್ಕಪ್ಪನಿಗೆ ಮೂರು ಕಿಲೋ ಆಗುತ್ತದೆ. ಎಲ್ಲರಿಗೂ ಎರಡೆರಡು ಎಂದು ಹಂಚುವ ಪ್ರಸಾದವಲ್ಲ ಇದು.

ಚಿಕ್ಕಪ್ಪನ ಮಾತು ಬಂದಾಗ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ದಪ್ಪಗಿರುವವರು ಬೇಗ ಮುಳುಗುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವ ಇದಕ್ಕೆ ತಿರುಗಮುರುಗ. ಕೊಬ್ಬು ನೀರಿಗಿಂತ ಹಗುರ, ಸ್ನಾಯು ಮತ್ತು ಮೂಳೆ ನೀರಿಗಿಂತ ಭಾರ. ಗರಡಿಯಲ್ಲಿ ಪಳಗಿದ ಪೈಲ್ವಾನನಿಗೆ ಕಡಿಮೆ ಸೀಸ ಸಾಕು, ಹೊಟ್ಟೆ ಬೆಳೆಸಿಕೊಂಡವರಿಗೆ ಜಾಸ್ತಿ ಬೇಕು. ಒಂದೇ ತೂಕದ ಅಣ್ಣ ತಂಗಿಯರಲ್ಲಿ ತಂಗಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಎಲ್ಲ ಸಮುದ್ರಗಳ ಉಪ್ಪೂ ಒಂದೇ ಅಲ್ಲ. ಅರಬ್ಬಿ ಸಮುದ್ರಕ್ಕಿಂತ ಬಂಗಾಳಕೊಲ್ಲಿಯಲ್ಲಿ ಉಪ್ಪು ಕಡಿಮೆ, ಏಕೆಂದರೆ ಗಂಗಾ, ಬ್ರಹ್ಮಪುತ್ರಾ, ಗೋದಾವರಿಯಂಥ ನದಿಗಳೆಲ್ಲ ಅಲ್ಲಿಗೆ ನೀರು ಸುರಿಯುತ್ತವೆ. ದುಬೈ, ಬಹರೇನ್ ಕಡೆಯ ಕೊಲ್ಲಿಯಲ್ಲಿ ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಲೀಟರಿಗೆ 40 ಗ್ರಾಂ ಆಸುಪಾಸಿನಲ್ಲಿದೆ. ಅಲ್ಲಿರುವ ನಮ್ಮವರು ರಜೆಗೆ ಊರಿಗೆ ಬಂದು ನೇತ್ರಾಣಿಯಲ್ಲಿ ಇಳಿದರೆ ಮುನ್ನೂರು ನಾನೂರು ಗ್ರಾಂ ವ್ಯತ್ಯಾಸ ಬರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರದ ಕಥೆ ಮಾತ್ರ ಬೇರೆ. ಅಲ್ಲಿ ಲೀಟರ್ ನೀರು ಸುಮಾರು 1 ಕಿಲೋ 240 ಗ್ರಾಂ ತೂಗುತ್ತದೆ. ನಮ್ಮ ಯುವಕ ಅಲ್ಲಿ ಮುಳುಗಬೇಕಾದರೆ ಇನ್ನೂ 20 ಕಿಲೋಗೆ ಮಿಕ್ಕಿ ಸೀಸ ಹೊರಬೇಕು. ಅಲ್ಲಿ ಜನ ನೀರಿನ ಮೇಲೆ ಮಲಗಿ ಪೇಪರ್ ಓದುವ ಫೋಟೋಗಳನ್ನು ನೀವು ನೋಡಿರಬಹುದು.

ಹೆದರಿಕೆಯೂ ತೇಲಿಸುತ್ತದೆ

ಇಲ್ಲಿಯವರೆಗಿನದು ಭೌತಶಾಸ್ತ್ರದ ಪಾಠವಾಯಿತು. ವೈದ್ಯನಾಗಿ ನಾನು ಒತ್ತಿ ಹೇಳಬೇಕಾದದ್ದು ಈಗ ಬರುತ್ತದೆ.

ಆರಾಮವಾಗಿ ಕುಳಿತಾಗ ನಾವು ಪ್ರತಿ ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಎಳೆದುಕೊಂಡು ಬಿಡುತ್ತೇವೆ. ಆದರೆ ಪೂರ್ತಿ ಎಳೆದು ಪೂರ್ತಿ ಬಿಟ್ಟರೆ ಆರೋಗ್ಯವಂತ ವಯಸ್ಕರಲ್ಲಿ ಅದು ಮೂರರಿಂದ ನಾಲ್ಕೂವರೆ ಲೀಟರ್ ಆಗುತ್ತದೆ. ಎದೆಯೊಳಗೆ ಒಂದು ಲೀಟರ್ ಗಾಳಿ ಹೆಚ್ಚಾದರೆ ದೇಹ ಒಂದು ಲೀಟರ್ ಹಿಗ್ಗುತ್ತದೆ, ನೀರು ಒಂದು ಕಿಲೋ ಹೆಚ್ಚು ಬಲದಿಂದ ಮೇಲಕ್ಕೆ ನೂಕುತ್ತದೆ. ಅಂದರೆ ಶ್ವಾಸಕೋಶವೇ ಒಂದು ತೇಲುಬುರುಡೆ. ಹಿಂದೆ ಹಳ್ಳಿಯ ಮಕ್ಕಳು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರಲ್ಲ, ಅಂಥದೊಂದು ಬುರುಡೆ ನಮ್ಮ ಎದೆಗೂಡಿನಲ್ಲಿಯೇ ಇದೆ.

ಮೊದಲ ಸಲ ಕಡಲಿಗೆ ಇಳಿಯುವವನು ಹೆದರಿರುತ್ತಾನೆ. ದೋಣಿ ಓಲಾಡುತ್ತಿರುತ್ತದೆ, ಕೆಳಗೆ ತಳ ಕಾಣುವುದಿಲ್ಲ. ಹೆದರಿದವನು ಉಸಿರು ಎಳೆದುಕೊಳ್ಳುತ್ತಾನೆಯೇ ಹೊರತು ಪೂರ್ತಿ ಬಿಡುವುದಿಲ್ಲ. ಎದೆ ಉಬ್ಬಿಸಿಕೊಂಡೇ ಅದರ ಮೇಲ್ಮೇಲೆ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಾನೆ. ಒಂದೂವರೆ, ಎರಡು ಲೀಟರ್ ಗಾಳಿ ಸದಾ ಒಳಗೇ ಉಳಿದುಬಿಡುತ್ತದೆ. ಇದರ ಮೇಲೆ ಕೈಕಾಲು ಬಡಿಯುವುದೂ ಸೇರಿ ಅವನು ಮೇಲಕ್ಕೇ ಬರುತ್ತಾನೆ. ಸಮುದ್ರದ ಉಪ್ಪು ಎಷ್ಟು ತೇಲಿಸುತ್ತದೆಯೋ, ಹೆಚ್ಚೂಕಡಿಮೆ ಅಷ್ಟನ್ನೇ ಅವನ ಹೆದರಿಕೆಯೂ ತೇಲಿಸುತ್ತದೆ.

ಈ ಎರಡನ್ನು ಬೇರೆ ಮಾಡಿ ನೋಡುವುದೇ ಮುಖ್ಯ. ಉಪ್ಪಿಗೆ ಸೀಸ ಔಷಧ. ಹೆದರಿಕೆಗೆ ಸೀಸ ಔಷಧವಲ್ಲ. ಮುಳುಗುತ್ತಿಲ್ಲ ಎಂದು ಇನ್ನೆರಡು ಬಿಲ್ಲೆ ಸೇರಿಸಿದರೆ ಆ ಕ್ಷಣಕ್ಕೆ ಮುಳುಗುತ್ತಾನೆ ನಿಜ. ಐದು ನಿಮಿಷದಲ್ಲಿ ಮೀನುಗಳನ್ನು ಕಂಡು ಮನಸ್ಸು ಹಗುರಾಗಿ ಉಸಿರು ಸರಾಗವಾದಾಗ, ಎದೆಯ ಗಾಳಿ ಕಡಿಮೆಯಾಗುತ್ತದೆ. ಸೀಸ ಮಾತ್ರ ಸೊಂಟದಲ್ಲೇ ಉಳಿಯುತ್ತದೆ. ಅಲ್ಲಿಂದ ತೊಂದರೆ ಆರಂಭ.

ಸೀಸ ಹೆಚ್ಚಾದರೆ

ಹೆಚ್ಚು ಭಾರವಿದ್ದವನು ಮೊದಲು ಬೇಗ ಕೆಳಗಿಳಿಯುತ್ತಾನೆ. ಕಿವಿಯ ತಮಟೆಯ ಎರಡೂ ಬದಿಯ ಒತ್ತಡ ಸಮವಾಗಲು ಮೂಗು ಹಿಡಿದು ಮೆಲ್ಲಗೆ ಊದುತ್ತಾ ಇಳಿಯಬೇಕು. ಒತ್ತಡದಿಂದ ಗಾಳಿಯ ಗಾತ್ರ ಅತಿ ಬೇಗ ಬದಲಾಗುವುದು ಮೇಲಿನ ಕೆಲವೇ ಮೀಟರುಗಳಲ್ಲಿ. ಅಲ್ಲಿಯೇ ಧೊಪ್ಪನೆ ಇಳಿದುಬಿಟ್ಟರೆ ಕಿವಿ ಮತ್ತು ಗಂಟಲಿನ ನಡುವಿನ ನಾಳ ತೆರೆಯುವುದಿಲ್ಲ. ಕಿವಿಯಲ್ಲಿ ಚುಚ್ಚುವ ನೋವು, ಕೆಲವೊಮ್ಮೆ ರಕ್ತ, ತಲೆಸುತ್ತು, ತಮಟೆ ಹರಿಯುವುದೂ ಉಂಟು. ನೆಗಡಿ ಇರುವಾಗ ಡೈವಿಂಗ್ ಬೇಡ ಎನ್ನುವುದು ಇದಕ್ಕೇ.

ಕೆಳಗೆ ಹೋದ ಮೇಲೆ, ಭಾರ ತಡೆಯಲು ಮೈಮೇಲಿನ ಜಾಕೆಟ್ಟಿಗೆ ಗಾಳಿ ತುಂಬಬೇಕಾಗುತ್ತದೆ. ಮೂರು ಕಿಲೋ ಅನಗತ್ಯ ಸೀಸಕ್ಕೆ ಮೂರು ಲೀಟರ್ ಅನಗತ್ಯ ಗಾಳಿ. ಸಮುದ್ರದಲ್ಲಿ 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿಂದ ಮೇಲಕ್ಕೆ ಬರುತ್ತಿದ್ದಂತೆ ಈ ಮೂರು ಲೀಟರ್ ಹಿಗ್ಗುತ್ತದೆ. 5 ಮೀಟರಿನಲ್ಲಿ ನಾಲ್ಕು ಲೀಟರ್, ಮೇಲ್ಮೈಯಲ್ಲಿ ಆರು ಲೀಟರ್. ಹಿಗ್ಗಿದಷ್ಟೂ ವೇಗವಾಗಿ ಮೇಲೆ ಎಳೆಯುತ್ತದೆ, ಮೇಲೆ ಬಂದಷ್ಟೂ ಇನ್ನೂ ಹಿಗ್ಗುತ್ತದೆ. ಸಮಯಕ್ಕೆ ಸರಿಯಾಗಿ ಗಾಳಿ ಬಿಡಲು ಗೊತ್ತಿಲ್ಲದವನು ಬಾಟಲಿಯ ಬಿರಡೆಯಂತೆ ಚಿಮ್ಮುತ್ತಾನೆ. ಭಾರ ಹೆಚ್ಚಾದವನಿಗೆ ಮುಳುಗುವ ಅಪಾಯ ಮಾತ್ರ ಇದೆ ಎಂದುಕೊಳ್ಳಬೇಡಿ, ಅನಿಯಂತ್ರಿತವಾಗಿ ಮೇಲೇಳುವ ಅಪಾಯವೂ ಅವನಿಗೇ ಹೆಚ್ಚು.

ಹಾಗೆ ಚಿಮ್ಮುವಾಗ ಗಾಬರಿಯಿಂದ ಉಸಿರು ಕಟ್ಟಿದರೆ ಶ್ವಾಸಕೋಶದೊಳಗಿನ ಗಾಳಿಯೂ ಹಿಗ್ಗುತ್ತದೆ. ಎದೆಯಲ್ಲಿ ಅದಕ್ಕೆ ಜಾಗವಿಲ್ಲ. ತೆಳುವಾದ ಗಾಳಿಚೀಲಗಳು ಹರಿದು ಗಾಳಿ ರಕ್ತಕ್ಕೆ ನುಗ್ಗುತ್ತದೆ, ಗುಳ್ಳೆಗಳಾಗಿ ಮಿದುಳಿನ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಒಂದು ಪಕ್ಕದ ಕೈಕಾಲು ಬೀಳಬಹುದು, ಬಾಯಲ್ಲಿ ರಕ್ತ ಬೆರೆತ ನೊರೆ ಬರಬಹುದು. ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು ಉಸಿರು ಕಟ್ಟಿದರೆ ಒಂದೆರಡು ಮೀಟರ್ ಮೇಲೇಳುವುದರಲ್ಲಿಯೇ ಇದು ಸಂಭವಿಸಬಲ್ಲದು. ಈಜುಕೊಳವೂ ಅಷ್ಟು ಆಳವಿರುತ್ತದೆ ಎಂಬುದನ್ನು ಗಮನಿಸಿ. ನೀರಿನೊಳಗೆ ಸಿಲಿಂಡರ್ ಹಾಕಿಕೊಂಡಾಗ ಯಾವ ಕಾರಣಕ್ಕೂ ಉಸಿರು ಕಟ್ಟಬಾರದು ಎಂಬುದು ಮೊದಲ ದಿನವೇ ಕಲಿಸುವ ಪಾಠ.

ಇನ್ನೂ ಒಂದು ಮಾತು. ಡೈವಿಂಗ್ ಸಾವುಗಳನ್ನು ಪರಿಶೀಲಿಸಿದ ಬೇರೆ ಬೇರೆ ದೇಶಗಳ ವರದಿಗಳಲ್ಲಿ ಮರುಕಳಿಸುವ ಒಂದು ಸಂಗತಿಯಿದೆ. ತೀರಿಕೊಂಡವರಲ್ಲಿ ಹೆಚ್ಚಿನವರ ಮೈಮೇಲೆ ಸೀಸ ಹಾಗೆಯೇ ಇರುತ್ತದೆ. ಬೆಲ್ಟಿನ ಕೊಂಡಿಯನ್ನು ಒಂದೇ ಕೈಯಿಂದ ಎಳೆದರೆ ಬಿಚ್ಚಿಕೊಳ್ಳುವಂತೆ ಮಾಡಿರುವುದು ಆಪತ್ತಿನಲ್ಲಿ ಕಳಚಿ ಎಸೆಯಲಿ ಎಂದೇ. ಆದರೂ ನೀರಿನ ಮೇಲೆ ಬಂದು ಒದ್ದಾಡುವಾಗ ಅದು ನೆನಪಾಗುವುದಿಲ್ಲ. ಅಂಗಡಿಯವರ ಸೀಸ ಕಳೆದರೆ ದುಡ್ಡು ಕೇಳುತ್ತಾರೇನೋ ಎಂಬ ಸಂಕೋಚವೂ ಕೆಲವರಿಗೆ ಇರುತ್ತದೆ. ಕಳೆದರೆ ಕಳೆಯಲಿ. ಮನೆಯಲ್ಲಿಯೇ ಬೆಲ್ಟ್ ಕಟ್ಟಿಕೊಂಡು ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿ ಅಭ್ಯಾಸ ಮಾಡುವುದು ಒಳ್ಳೆಯದು. ಆಳದಲ್ಲಿರುವಾಗ ಮಾತ್ರ ಸುಮ್ಮಸುಮ್ಮನೆ ಬಿಚ್ಚಬಾರದು, ಬಿಚ್ಚಿದರೆ ಮತ್ತೆ ಅದೇ ಬಿರಡೆಯ ಕಥೆ.

ಕಡಿಮೆಯಾದರೆ

ಈಜುಕೊಳದಲ್ಲಿ ಕಟ್ಟಿದ ಎರಡೇ ಕಿಲೋವನ್ನು ಕಡಲಿಗೂ ಕಟ್ಟಿಕೊಂಡು ಬಂದವನಿಗೆ ಆರಂಭದಲ್ಲಿ ಹೇಗೋ ಮುಳುಗಲು ಆಗಬಹುದು. ಅವನ ಕಷ್ಟ ಕೊನೆಯಲ್ಲಿ. ಗಾಳಿಗೆ ತೂಕವಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಸಾಮಾನ್ಯವಾಗಿ ಬಳಸುವ 11 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದ ಗಾಳಿ ಎರಡೂವರೆ ಕಿಲೋ ತೂಗುತ್ತದೆ! ಮುಕ್ಕಾಲು ಭಾಗ ಉಸಿರಾಡಿ ಮುಗಿಸುವಷ್ಟರಲ್ಲಿ ಎರಡು ಕಿಲೋ ಹಗುರಾಗಿರುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದರೆ ತಾನೇ ತೇಲುತ್ತದೆ.

ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ಡೈವಿಂಗ್‌ನ ರೂಢಿ. ಒತ್ತಡದಲ್ಲಿ ರಕ್ತಕ್ಕೆ ಕರಗಿದ ನೈಟ್ರೋಜನ್ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಲಿ ಎಂದು ಈ ವಿರಾಮ. ಹಗುರಾದವನು ಅಲ್ಲಿ ನಿಲ್ಲಲಾರ. ನೀರು ಅವನನ್ನು ಮೇಲಕ್ಕೆ ದಬ್ಬುತ್ತದೆ. ಬೇಗ ಮೇಲೆ ಬಂದರೆ, ಸೋಡಾ ಬಾಟಲಿಯ ಗೋಲಿ ಒತ್ತಿದಾಗ ನೊರೆ ಏಳುವಂತೆ, ನೈಟ್ರೋಜನ್ ದೇಹದೊಳಗೇ ಗುಳ್ಳೆಯಾಗುತ್ತದೆ. ಕೀಲುನೋವು, ಮೈ ಜುಮ್ಮೆನ್ನುವುದು, ಚರ್ಮದ ಮೇಲೆ ಗುಳ್ಳೆ ಅಥವಾ ಕೆಂಪು, ಅತಿಯಾದ ಸುಸ್ತು, ಕಾಲಿನಲ್ಲಿ ಬಲವಿಲ್ಲದಿರುವುದು ಇದರ ಲಕ್ಷಣಗಳು. ಇಂಗ್ಲಿಷಿನಲ್ಲಿ ಇದಕ್ಕೆ ಬೆಂಡ್ಸ್ ಎನ್ನುತ್ತಾರೆ. ನಮ್ಮ ಈಜಿನ ಬೆಂಡಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಸರಿಯಾದ ತೂಕ ತಿಳಿಯುವುದು ಹೇಗೆ? ನಲವತ್ತರ ಲೆಕ್ಕ ಅಂದಾಜಿಗೆ ಮಾತ್ರ. ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಅದೇ ನೀರಿನಲ್ಲಿ, ಅದೇ ಬಟ್ಟೆಯಲ್ಲಿ. ನಿಲುಕದಷ್ಟು ಆಳದ ನೀರಿನಲ್ಲಿ, ದೋಣಿಯ ಹಗ್ಗದ ಪಕ್ಕದಲ್ಲಿ, ತರಬೇತುದಾರರು ಜೊತೆಗಿರುವಾಗ ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡು ನೆಟ್ಟಗೆ ನಿಲ್ಲಿ. ಕಾಲು ಆಡಿಸಬೇಡಿ. ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟುಬಿಡಿ. ಸಾಧಾರಣ ಉಸಿರು ಎದೆಯಲ್ಲಿರುವಾಗ ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು. ಉಸಿರು ಪೂರ್ತಿ ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ಗದ್ದ ನೀರಿನ ಮೇಲಿದ್ದರೆ ಒಂದೊಂದೇ ಬಿಲ್ಲೆ ಸೇರಿಸಿ. ಉಸಿರು ತುಂಬಿಕೊಂಡಿದ್ದರೂ ಇಳಿಯುತ್ತಿದ್ದರೆ ತೆಗೆಯಿರಿ. ಸಿಲಿಂಡರ್ ತುಂಬಿದ್ದಾಗ ಈ ಪರೀಕ್ಷೆ ಮಾಡಿದರೆ, ಕೊನೆಯಲ್ಲಿ ಹಗುರಾಗುವುದಕ್ಕೆಂದು ಎರಡು ಕಿಲೋ ಸೇರಿಸಬೇಕು. ಪರೀಕ್ಷೆಗೆ ಮೊದಲು ಎರಡು ನಿಮಿಷ ಮುಖ ನೀರಿನಲ್ಲಿಟ್ಟು ನಿಧಾನವಾಗಿ, ಉದ್ದವಾಗಿ ಉಸಿರು ಬಿಡುತ್ತಿರಿ. ಹೆದರಿಕೆಯ ಗಾಳಿ ಹೋದ ಮೇಲೆ ಬರುವ ಲೆಕ್ಕವೇ ನಿಜವಾದ ಲೆಕ್ಕ. ಪಕ್ಕದಲ್ಲಿ ಕಾಯುತ್ತಿರುವವರು ಅವಸರ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೊಳದಲ್ಲಿ ಬರೀ ಈಜುಡುಗೆಯಲ್ಲಿ ಕಲಿತವರು ಕಡಲಿನಲ್ಲಿ ವೆಟ್‌ಸೂಟ್ ಹಾಕಿಕೊಳ್ಳುವುದುಂಟು. ಆಗ ಉಪ್ಪಿನ ಜೊತೆಗೆ ಬಟ್ಟೆಯ ಲೆಕ್ಕವೂ ಸೇರುತ್ತದೆ. ದಪ್ಪ ಹೆಚ್ಚಿದಷ್ಟೂ ಸೀಸ ಹೆಚ್ಚು, ಹೊಸ ಸೂಟ್ ಹಳೆಯದಕ್ಕಿಂತ ಹೆಚ್ಚು ತೇಲುತ್ತದೆ. ಆಳಕ್ಕೆ ಹೋದಂತೆ ಅದರ ಗುಳ್ಳೆಗಳು ಒತ್ತಿಹೋಗಿ ತೇಲುವ ಗುಣ ಕಡಿಮೆಯಾಗುತ್ತದೆ.

ಕಡಲಿನಿಂದ ಕೆರೆಗೆ ಬಂದಾಗ

ಕೊಳದಲ್ಲಿ ಕಲಿತು ಕಡಲಿಗೆ ಹೋಗುವವರು ತೂಕ ಕೂಡಿಸಲು ಮರೆತರೆ ಬಹುಮಟ್ಟಿಗೆ ಮೇಲೆಯೇ ತೇಲುತ್ತಾ ನಗೆಪಾಟಲಾಗುತ್ತಾರೆ. ಕಡಲಿನಲ್ಲಿ ಕಲಿತು ಜಲಾಶಯಕ್ಕೋ ಕಲ್ಲುಕ್ವಾರಿಯ ಹೊಂಡಕ್ಕೋ ಇಳಿಯುವವರು ಕಳೆಯಲು ಮರೆತರೆ ನಗುವ ವಿಷಯವಲ್ಲ. ಎರಡು ಮೂರು ಕಿಲೋ ಹೆಚ್ಚು ಭಾರದೊಂದಿಗೆ ನೇರ ತಳಕ್ಕೆ ಹೋಗುತ್ತಾರೆ. ತಳದಲ್ಲಿ ಮೊಣಕಾಲುದ್ದ ಕೆಸರು, ಕಲಕಿದರೆ ಕೈಗೆ ಕೈ ಕಾಣದ ಕತ್ತಲೆ, ಮುಳುಗಿದ ಮರದ ಕೊಂಬೆ, ಬಲೆಯ ತುಂಡು. ನೀರಿನಲ್ಲಿ ಕಾಣೆಯಾದವರನ್ನು ಹುಡುಕಲು ಹೋಗುವ ಮುಳುಗು ತಜ್ಞರು ಸಿಲಿಂಡರ್ ಬಳಸುವಾಗ ಇದು ಅವರ ಜೀವದ ಪ್ರಶ್ನೆ. ದಡದಲ್ಲಿ ಜನ ಸೇರಿ, ಮನೆಯವರು ಅಳುತ್ತಾ ನಿಂತಿರುವಾಗಲೂ ನೀರಿಗಿಳಿಯುವ ಮುನ್ನ ತೂಕದ ಪರೀಕ್ಷೆಗೆ ಐದು ನಿಮಿಷ ಕೊಡುವುದು ಕಲ್ಲುಹೃದಯವಲ್ಲ.

ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಮುಂತಾದ ನದಿಗಳ ಅಳಿವೆಗಳಲ್ಲಿ, ಅದರಲ್ಲೂ ಮಳೆಯ ಮುಂದೆ ಹಿಂದೆ, ಹಗುರವಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಪದರವಾಗಿ ನಿಲ್ಲುವುದುಂಟು. ಮೇಲೆ ಸರಿಯಾಗಿದ್ದ ತೂಕ ಕೆಳಗಿನ ಪದರದಲ್ಲಿ ಸಾಲದೆ ಹೋಗುತ್ತದೆ. ಇಂಥ ಕಡೆ ಹೊಸಬರಿಗೆ ಕೆಲಸವಿಲ್ಲ.

ಹೋಗುವವರು ಗಮನಿಸಬೇಕಾದದ್ದು

ನೇತ್ರಾಣಿ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲಿನಲ್ಲಿದೆ. ಒಂದೇ ದಿನದ ಅನುಭವಕ್ಕೆಂದು ಅಲ್ಲಿಗೆ ಹೋಗುವವರಿಗೆ ಸೀಸದ ಲೆಕ್ಕ ಹಾಕುವವರು ತರಬೇತುದಾರರೇ. ನೀವು ಮಾಡಬೇಕಾದದ್ದು ನಿಮ್ಮ ನಿಜವಾದ ತೂಕ ಹೇಳುವುದು. ನಾಚಿಕೆಯಿಂದ ಹತ್ತು ಕಿಲೋ ಕಡಿಮೆ ಹೇಳಬೇಡಿ. ಹಿಂದೆ ಕೊಳದಲ್ಲಿ ಅಭ್ಯಾಸ ಮಾಡಿದ್ದರೆ, ಅಲ್ಲಿ ಎಷ್ಟು ಕಟ್ಟಿದ್ದರು, ಸೂಟ್ ಇತ್ತೇ ಇಲ್ಲವೇ ತಿಳಿಸಿ. ಮಕ್ಕಳಿಗೆ ಕನಿಷ್ಠ 10 ವರ್ಷವಾಗಿರಬೇಕು. ಆಸ್ತಮಾ, ಹೃದಯರೋಗ, ಫಿಟ್ಸ್, ಕಿವಿ ಸೋರುವುದು, ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಇವುಗಳನ್ನು ಮುಚ್ಚಿಟ್ಟು ಫಾರ್ಮ್ ತುಂಬುವುದು ತಪ್ಪು. ಗರ್ಭಿಣಿಯರು ಇಳಿಯಲೇಬಾರದು. ಬೆನ್ನುನೋವಿನವರು ಸಿಲಿಂಡರನ್ನೂ ಸೀಸವನ್ನೂ ದೋಣಿಯಲ್ಲಿ ಹೊತ್ತು ಓಡಾಡುವ ಬದಲು ನೀರಿನಲ್ಲೇ ತೊಡಿಸಲು ಕೇಳಿಕೊಳ್ಳಬಹುದು. ಬಣ್ಣ ಅಥವಾ ಪ್ಲಾಸ್ಟಿಕ್ ಹೊದಿಕೆಯಿಲ್ಲದ ಸೀಸದ ಬಿಲ್ಲೆ ಮುಟ್ಟಿದ ಮಕ್ಕಳು ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ತಿನ್ನಬಾರದು. ಸೀಸ ಹೊಟ್ಟೆಗೆ ಹೋಗಬೇಕಾದ ಲೋಹವಲ್ಲ.

ಡೈವಿಂಗ್ ಮುಗಿಸಿ ಅಂದೇ ಸಂಜೆ ಬಸ್ಸು ಹತ್ತಿ ಬೆಂಗಳೂರಿಗೆ ಹೊರಡುವುದು ನಮ್ಮಲ್ಲಿ ವಾಡಿಕೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಘಾಟಿ ಹತ್ತಿದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಸಾಧ್ಯತೆ ಹೆಚ್ಚುತ್ತದೆ. ವಿಮಾನಕ್ಕೂ ಇದೇ ಮಾತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದಿದ್ದರೆ 18 ಗಂಟೆ ಕಡಲತಡಿಯಲ್ಲೇ ಉಳಿಯಿರಿ.

ಮೇಲೆ ಬಂದ ಕೂಡಲೇ ಎದೆನೋವು, ಮಾತು ತೊದಲುವುದು, ಪ್ರಜ್ಞೆ ಮಂಕಾಗುವುದು ಕಂಡರೆ, ಇಲ್ಲವೇ ಮುಂದಿನ 24 ಗಂಟೆಯೊಳಗೆ ಕೈಕಾಲು ಜುಮ್ಮೆಂದರೆ, ಕೀಲುಗಳಲ್ಲಿ ಕಾರಣವಿಲ್ಲದ ನೋವು ಬಂದರೆ, ರೋಗಿಯನ್ನು ಅಂಗಾತ ಮಲಗಿಸಿ ದೋಣಿಯಲ್ಲಿರುವ ಆಕ್ಸಿಜನ್ ಕೊಡಿಸಿ. ಕೂಡಲೇ ಆಸ್ಪತ್ರೆಗೆ ಸಾಗಿಸಿ. ಅಧಿಕ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆಯಲ್ಲಿ ಇದಕ್ಕೆ ಚಿಕಿತ್ಸೆ ನಡೆಯುತ್ತದೆ. ಅಂಥ ಕೋಣೆ ಎಲ್ಲ ಊರುಗಳಲ್ಲಿಲ್ಲ, ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಇದೆ. ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು 'ಇವರು ಇಂದು ಡೈವಿಂಗ್ ಮಾಡಿದ್ದರು' ಎಂಬುದು. ಅದನ್ನು ಹೇಳದಿದ್ದರೆ ಕೀಲುನೋವಿಗೆ ಮಾತ್ರೆ ಬರೆದು ಕಳಿಸಿಬಿಡುವ ಸಂಭವವೇ ಹೆಚ್ಚು. ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬಂದದ್ದು ಮೆಲ್ಲಗೋ ರಭಸದಿಂದಲೋ, ಸೊಂಟದಲ್ಲಿ ಎಷ್ಟು ಸೀಸವಿತ್ತು, ಈ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೊತೆ ಕಳಿಸಿ.